ಬಾರ್ಬರಾ ಸ್ಟಾನ್‌ವಿಕ್: 'ಡಬಲ್ ಇಂಡೆಮ್ನಿಟಿ' ಆದಮೇಲೆ ಏನು ನೋಡಲಿ?

ಪ್ರಶ್ನೆ:
'ಡಬಲ್ ಇಂಡೆಮ್ನಿಟಿ' (1944) ನೋಡಿಯಾಯ್ತು. ಗಂಡನನ್ನೇ ಕೊಲ್ಲಿಸುವ ಆ ಪಾತ್ರ ಮಾಡಿದ ಹಾಲಿವುಡ್ ನಟಿ ಸ್ಟಾನ್‌ವಿಕ್ ಹಾಸ್ಯಕ್ಕೂ ಹೆಸರುವಾಸಿ ಅಂತಾರೆ, ನಂಬೋಕೆ ಕಷ್ಟ. ಮುಂದೆ ಯಾವುದು? ನಾಲ್ಕು ಸಲ ನಾಮನಿರ್ದೇಶನ ಆದರೂ ಆಸ್ಕರ್ ಯಾಕೆ ಬರಲಿಲ್ಲ?

ಉತ್ತರ 1:
'ದಿ ಲೇಡಿ ಈವ್' (1941), ಬೇರೆ ಯೋಚನೆಯೇ ಬೇಡ. ಹಡಗಿನ ಊಟದ ಹಾಲ್‌ನಲ್ಲಿ ಸ್ಟಾನ್‌ವಿಕ್ ಪಾತ್ರ ಕೈಗನ್ನಡಿ ಹಿಡಿದು, ಬೆನ್ನ ಹಿಂದೆ ನಾಯಕ ಹೆನ್ರಿ ಫೋಂಡಾಗೆ ಗಾಳ ಹಾಕುತ್ತಿರುವ ಹುಡುಗಿಯರ ಬಗ್ಗೆ ವೀಕ್ಷಕ ವಿವರಣೆ ಕೊಡ್ತಾಳೆ. ನಗು ಬರೋದು ಆ ದನಿಯಿಂದಲೇ. 'ಬಾಲ್ ಆಫ್ ಫೈರ್', 'ಮೀಟ್ ಜಾನ್ ಡೋ' ಕೂಡ ಅದೇ ವರ್ಷದವು. ಇವನ್ನು ನೋಡಿ ಮತ್ತೆ 'ಡಬಲ್ ಇಂಡೆಮ್ನಿಟಿ'ಗೆ ಬನ್ನಿ. ಕಾರಿನಲ್ಲಿ ಕೊಲೆ ನಡೆಯುವಾಗ ಕ್ಯಾಮೆರಾ ಗಂಡನ ಕಡೆ ತಿರುಗುವುದೇ ಇಲ್ಲ, ಅವಳ ಮುಖದ ಮೇಲೇ ನಿಲ್ಲುತ್ತೆ. ಆ ಮುಖದಲ್ಲಿ ಗಾಬರಿ ಇಲ್ಲ, ತೃಪ್ತಿ ಮೆಲ್ಲಗೆ ಮೂಡುತ್ತೆ. ಹೊಂಬಣ್ಣದ ಕೂದಲು ಮಾತ್ರ ವಿಗ್!

ಉತ್ತರ 2:
ಆಸ್ಕರ್ ವಿಷಯ: ಅವರು ಒಂದೇ ಸ್ಟುಡಿಯೋಗೆ ಕಟ್ಟುಬಿದ್ದವರಲ್ಲ. ಹಾಗಾಗಿ ಪಾತ್ರ ಆರಿಸಿಕೊಳ್ಳೋ ಸ್ವಾತಂತ್ರ್ಯ ಇತ್ತು, ಮತ ಕೇಳೋಕೆ ಬೆನ್ನಿಗೊಂದು ಸ್ಟುಡಿಯೋ ಇರಲಿಲ್ಲ. 1944ರ ಸಾಲಿನಲ್ಲಿ 'ಡಬಲ್ ಇಂಡೆಮ್ನಿಟಿ' ತೆಗೆದ ಪ್ಯಾರಾಮೌಂಟ್ ಸ್ಟುಡಿಯೋದ್ದೇ ಇನ್ನೊಂದು ಚಿತ್ರ 'ಗೋಯಿಂಗ್ ಮೈ ವೇ' ಪ್ರಶಸ್ತಿಗಳನ್ನು ಬಾಚಿಕೊಂಡಿತು, ನಟಿ ಪ್ರಶಸ್ತಿ 'ಗ್ಯಾಸ್‌ಲೈಟ್'ನ ಇಂಗ್ರಿಡ್ ಬರ್ಗ್‌ಮನ್‌ಗೆ ಹೋಯಿತು. ನಿಜವಾದ ಅನ್ಯಾಯ ಆಗಿದ್ದು 'ಸ್ಟೆಲ್ಲಾ ಡಲ್ಲಾಸ್'ಗೆ (1937). ಮಗಳ ಮದುವೆಯನ್ನು ಮಳೆಯಲ್ಲಿ ನಿಂತು ಕಿಟಕಿಯಿಂದ ನೋಡುವ ಕೊನೆಯ ದೃಶ್ಯಕ್ಕೆ ಮಾತೇ ಬೇಕಿಲ್ಲ. ಗೌರವ ಆಸ್ಕರ್ ಕೊಟ್ಟಿದ್ದು 1982ರಲ್ಲಿ, ಬಹಳ ತಡವಾಗಿ.

ಇನ್ನೊಂದು: 'ಲೇಡೀಸ್ ಆಫ್ ಲೀಷರ್' (1930) ಮಾಡುವಾಗ ನಿರ್ದೇಶಕ ಫ್ರಾಂಕ್ ಕಾಪ್ರಾ ಕಂಡುಕೊಂಡಿದ್ದು, ಇವರು ಇರೋದನ್ನೆಲ್ಲ ಮೊದಲ ಟೇಕ್‌ನಲ್ಲೇ ಸುರಿದುಬಿಡ್ತಾರೆ, ಆಮೇಲಿನ ಟೇಕ್‌ಗಳು ಸಪ್ಪೆ ಅಂತ. ಅದಕ್ಕೇ ಉಳಿದವರ ರಿಹರ್ಸಲ್ ಇವರಿಲ್ಲದೆ ಮುಗಿಸಿ, ಹಲವು ಕ್ಯಾಮೆರಾ ಇಟ್ಟು ಮೊದಲ ಟೇಕನ್ನೇ ಹಿಡೀತಿದ್ದರು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. 'ಬೇಬಿ ಫೇಸ್' (1933) ಹೇಗೆ?

ಉತ್ತರ 1:
ನೋಡಲೇಬೇಕು, ಆದರೆ ಅವಧಿ ನೋಡಿಕೊಂಡು ಹಾಕಿ. ಸುಮಾರು 71 ನಿಮಿಷದ್ದು ಸೆನ್ಸಾರ್ ಕತ್ತರಿ ಆಡಿಸಿದ ಪ್ರತಿ. ಅದರಲ್ಲಿ ಚಪ್ಪಲಿ ಹೊಲಿಯುವ ಮುದುಕ ನಾಯಕಿಗೆ ನೀತಿಪಾಠ ಹೇಳ್ತಾನೆ, ಕೊನೆಯನ್ನೂ ಬದಲಿಸಿದ್ದಾರೆ. ಮೂಲದಲ್ಲಿ ಅವನು ಹೇಳೋದು, ಗಂಡಸರನ್ನು ಬಳಸಿಕೊಂಡು ಮೇಲೆ ಬಾ ಅಂತ. ಆ ಮಾತಿಲ್ಲದೆ ಅವಳು ಮುಂದೆ ಮಾಡೋದಕ್ಕೆ ಬುಡವೇ ಇರಲ್ಲ. ಪೂರ್ಣ ಪ್ರತಿ 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು, ಸುಮಾರು 76 ನಿಮಿಷ ಇದೆ.