ಕೋಶ ಎರಡಾಗುವಾಗ ಡಿಎನ್‌ಎ ತುಂಡಾದರೆ ಯಾರು ಜೋಡಿಸುತ್ತಾರೆ?

ಪ್ರಶ್ನೆ (ದಾವಣಗೆರೆ, ಬಿಎಸ್ಸಿ ಎರಡನೇ ವರ್ಷ):
ನಿನ್ನೆ ಲ್ಯಾಬ್‌ನಲ್ಲಿ ಈರುಳ್ಳಿ ಬೇರಿನ ತುದಿ ಜಜ್ಜಿ ಸ್ಲೈಡ್ ಮಾಡಿದೆವು. ಒಂದು ಕೋಶದಲ್ಲಿ ಕ್ರೋಮೋಸೋಮುಗಳೆಲ್ಲ ಎರಡು ಕಡೆ ಸರಿದಿದ್ದವು, ಆದರೆ ನಡುವೆ ಒಂದು ಚೂರು ಮಾತ್ರ ಕೆಂಪಗೆ ಹಾಗೇ ಉಳಿದಿತ್ತು. ಅದು ಮುರಿದ ತುಂಡು ಅಂದರು. ಅಲ್ಲೇ ರಿಪೇರಿ ಯಾಕೆ ಆಗಲಿಲ್ಲ?

ಉತ್ತರ 1 (ಚಳ್ಳಕೆರೆ):
ನಮ್ಮೂರಿನ ಈರುಳ್ಳಿಯೇ ಇರಬೇಕು! ನೋಡಿ, ರಿಪೇರಿಯ ಹೆಚ್ಚಿನ ಪಾಲು ವಿಭಜನೆಗೆ ಮೊದಲೇ ನಡೆಯುತ್ತದೆ. ಡಿಎನ್‌ಎ ನಕಲಾದ ಮೇಲೆ, ವಿಭಜನೆಗೆ ಸ್ವಲ್ಪ ಮುಂಚಿನ ಜಿ2 ಹಂತದಲ್ಲಿ ತಪಾಸಣೆ ಇದೆ, ಪಕ್ಕದಲ್ಲೇ ಸರಿಯಾದ ಪ್ರತಿ ಇರುತ್ತದಲ್ವಾ, ಅದನ್ನು ನೋಡಿಕೊಂಡು ತಿದ್ದಬಹುದು. ವಿಭಜನೆ ಶುರುವಾದ ಮೇಲೆ ಎರಡೂ ಎಳೆ ಮುರಿದರೆ, ನಮ್ಮಂಥವರ, ಅಂದರೆ ಮನುಷ್ಯರ ಕೋಶಗಳು ಜೋಡಿಸುವ ಕೆಲಸವನ್ನು ಬೇಕಂತಲೇ ತಡೆಹಿಡಿಯುತ್ತವೆ. ಮುರಿದ ತುದಿ ಜೋಡಿಸಲು ನೆರವಾಗುವ 53ಬಿಪಿ1 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ದೂರ ಇಡುತ್ತವೆ. ಆಗ ಜೋಡಿಸಲು ಹೋದರೆ ಕ್ರೋಮೋಸೋಮಿನ ಸಹಜ ತುದಿಗಳೇ, ಅಂದರೆ ಟೆಲೋಮಿಯರುಗಳೇ, ಒಂದಕ್ಕೊಂದು ಅಂಟಿಕೊಳ್ಳುವ ಅಪಾಯವಿದೆ. ಅದಕ್ಕೇ ಮುರಿದ ಜಾಗಕ್ಕೆ ಗುರುತು ಹಾಕಿ, ಸಿಪ್2ಎ ಮತ್ತು ಟಾಪ್‌ಬಿಪಿ1 ಪ್ರೋಟೀನುಗಳಿಂದ ತುಂಡುಗಳನ್ನು ಕಟ್ಟಿಟ್ಟು, ವಿಭಜನೆ ಮುಗಿದ ಮೇಲೆ ಬರುವ ಜಿ1 ಹಂತಕ್ಕೆ ಸಾಗಿಸುತ್ತವೆ, ರಿಪೇರಿ ಆಗ ನಡೆಯುತ್ತದೆ.

ಉತ್ತರ 2 (ಚಿತ್ರದುರ್ಗ):
ವಿಭಜನೆಯಲ್ಲಿ ರಿಪೇರಿ ಪೂರ್ತಿ ನಿಲ್ಲುವುದಿಲ್ಲ. ಪಾಲಿಮರೇಸ್ ಥೀಟಾ ಎಂಬ ಕಿಣ್ವ ವಿಭಜನೆಯ ನಡುವೆಯೂ ಜೋಡಿಸುತ್ತದೆ, ತಪ್ಪು ಜಾಸ್ತಿ ಆಗುತ್ತದೆ ಅಷ್ಟೇ. ನೀವು ಕಂಡ ಚೂರಿಗೆ ಬಹುಶಃ ಸೆಂಟ್ರೋಮಿಯರ್ (ಕ್ರೋಮೋಸೋಮನ್ನು ಎಳೆಯಲು ಹಿಡಿಯುವ ಜಾಗ) ಇಲ್ಲ, ಹಾಗಾಗಿ ಎಳೆಯುವ ದಾರಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಕೊನೆಗೆ ಅದು ಪುಟ್ಟ ಬೇರೆ ಕೋಶಕೇಂದ್ರವಾಗಿ ಉಳಿಯಬಹುದು. ಅದೇ ಸ್ಲೈಡಿನಲ್ಲಿ ವಿಭಜನೆ ಮುಗಿದ ಕೋಶಗಳನ್ನು ಹುಡುಕಿ, ದೊಡ್ಡ ದುಂಡಿನ ಪಕ್ಕ ಒಂದು ಚುಕ್ಕಿ ಸಿಗಬಹುದು.