ಸಹಾಯ ಬೇಕು: ಅಮ್ಮನ ಹಳೇ ಟಿವಿಗೆ ಸೆಟ್ ಟಾಪ್ ಬಾಕ್ಸ್
ಮುಲುಂಡ್‌ನಿಂದ ನಮಸ್ಕಾರ. ಅಕ್ಟೋಬರ್ 31, 2012ಕ್ಕೆ ಮುಂಬೈಯಲ್ಲಿ ಅನಲಾಗ್ ಕೇಬಲ್ (ಬಾಕ್ಸ್ ಇಲ್ಲದೆ ನೇರ ಟಿವಿಗೆ ಬರುವ ಕೇಬಲ್) ಬಂದ್ ಅಲ್ವಾ, ಇನ್ನು ಹತ್ತೇ ದಿನ. ಹಾಲ್‌ನ ಟಿವಿಗೆ ಬಾಕ್ಸ್ ಬಂತು. ತೊಂದರೆ ಇರುವುದು ಅಮ್ಮನ ಕೋಣೆಯಲ್ಲಿ. ಅವರದು ಡಬ್ಬದಂಥ 14 ಇಂಚಿನ ಟಿವಿ. ಹಿಂದೆ ಬಾಕ್ಸ್‌ನ ವೈರ್ ಸಿಕ್ಕಿಸುವ ಹಳದಿ, ಬಿಳಿ, ಕೆಂಪು ತೂತುಗಳೇ ಇಲ್ಲ, ಆಂಟೆನಾ ಸಿಕ್ಕಿಸುವ ಒಂದೇ ತೂತು. ಕೇಬಲ್ ಹುಡುಗ ಬಗ್ಗಿ ನೋಡಿ "ಹೊಸದು ತಗೊಳ್ಳಿ" ಎಂದು ಹೋದ. ಚಿತ್ರ ಇನ್ನೂ ಚೆನ್ನಾಗಿದೆ, ಸುಮ್ನೆ ಯಾಕೆ ಎಸೆಯಬೇಕು?

ಬಾಕ್ಸ್‌ಗೂ ಟಿವಿಗೂ ನಡುವೆ ಆರ್‌ಎಫ್ ಮಾಡ್ಯುಲೇಟರ್ (ಬಾಕ್ಸ್‌ನ ಚಿತ್ರ, ಧ್ವನಿಯನ್ನು ಆಂಟೆನಾ ತೂತಿಗೆ ಹೋಗುವಂತೆ ಬದಲಿಸುವ ಸಾಧನ) ಹಾಕಿದರೆ ನಡೆಯುತ್ತದಂತೆ. ಯಾರಾದರೂ ಹಾಕಿಸಿದ್ದೀರಾ? ಲ್ಯಾಮಿಂಗ್ಟನ್ ರೋಡಿನಲ್ಲಿ ಎಷ್ಟಕ್ಕೆ ಸಿಗುತ್ತದೆ?

ಅಮ್ಮನಿಗೆ ಚಂದನ ಬೇಕೇ ಬೇಕು. ಕೇಬಲ್ ಬದಲು ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ತಟ್ಟೆ (ಡಿಶ್ ಆಂಟೆನಾ) ಹಾಕಿದರೆ ತಿಂಗಳ ಬಾಡಿಗೆ ಇಲ್ಲ, ನಿಜ. ಆದರೆ ಉಪಗ್ರಹ ಆಗ್ನೇಯಕ್ಕೆ, ನಮ್ಮ ಕಿಟಕಿಗಳೆಲ್ಲ ಪಶ್ಚಿಮಕ್ಕೆ. ತಾರಸಿಯಿಂದ ನಾಲ್ಕು ಮಹಡಿ ವೈರ್ ಇಳಿಸಿದವರು ಇದ್ದರೆ ದಯವಿಟ್ಟು ಹೇಳಿ.