88 ಮನೆಗಳ ಒಡೆಯ

ವಿದ್ಯಾನಗರದ ನಮ್ಮ ಮನೆಗೆ ಹಳೆಯ ಪಿಯಾನೊ ಬಂದ ಮೊದಲ ಭಾನುವಾರವೇ ಮೂವರು ಗೆಳೆಯರು ಬೆಣ್ಣೆದೋಸೆ ಮುಗಿಸಿಕೊಂಡು ನೇರವಾಗಿ ಅದರ ದರ್ಶನಕ್ಕೆ ಬಂದರು. ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ್ದ ರಾಯರು ಬೆರಳಿನಿಂದ ಒತ್ತಿ ನುಡಿಸುವ ಪಟ್ಟಿಗಳನ್ನು, ಅಂದರೆ ಅವರ ಮಾತಿನ ‘ಮನೆ’ಗಳನ್ನು, ಒಂದೊಂದಾಗಿ ಮುಟ್ಟಿ, ‘ಬಿಳಿಯ ಮನೆ 52, ಕರಿಯ ಮನೆ 36, ಒಟ್ಟು 88’ ಎಂದು ಲೆಕ್ಕ ಒಪ್ಪಿಸಿದರು. ‘ಇಷ್ಟು ಮನೆಗಳಿಗೆ ಪಾಲಿಕೆಯ ಕಂದಾಯ ಕಟ್ಟಿದ್ದೀರಾ?’ ಎಂದು ವಕೀಲರು ಕೇಳಿದರು. ಲೆಕ್ಕ ಸರಿಯಾಗಿತ್ತು, ಆದರೆ ಎಣಿಸಿದ ಬೆರಳು ಮನೆಮನೆಗೂ ಬೆಣ್ಣೆಯ ಮುದ್ರೆ ಒತ್ತಿತ್ತು.

ಹುಣಸೆಹಣ್ಣಿಗೆ ರಂಗೋಲಿ ಪುಡಿ ಬೆರೆಸಿ ಉಜ್ಜಿದರೆ ಥಳಥಳಿಸುತ್ತದೆಂದು ಮೇಷ್ಟ್ರು ಸಲಹೆಯಿತ್ತರು. ಇದು ದೀಪದ ಕಂಬವಲ್ಲ, ಪುಡಿಯಿಂದ ಗೀರು ಬೀಳುತ್ತದೆ ಎಂದೆ. ವಕೀಲರು ಸ್ಪಿರಿಟ್ ಸೂಚಿಸಿದರು. ಅದರಿಂದ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆಂದು ಅದನ್ನೂ ತಳ್ಳಿಹಾಕಿದೆ. ಮೆತ್ತನೆಯ ಬಿಳಿಯ ಹತ್ತಿ ಬಟ್ಟೆಯನ್ನು ಒಂದೆರಡು ಹನಿ ಸೌಮ್ಯವಾದ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ, ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಮನೆಯ ಹಿಂಬದಿಯಿಂದ ನಮ್ಮ ಕಡೆಗೆ ಉದ್ದುದ್ದಕ್ಕೆ ಎಳೆದು, ಬರಿಯ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಸೋಪಿನಂಶ ತೆಗೆದು, ಒಡನೆಯೇ ಒಣಬಟ್ಟೆಯಿಂದ ಒರೆಸಬೇಕೆಂದು ವಿವರಿಸಿದೆ. ಅಡ್ಡಡ್ಡ ಒರೆಸಿದರೆ ಸಂದಿಗೆ ನೀರಿಳಿದು ಒಳಗಿನ ಮರ ಉಬ್ಬುತ್ತದೆ. ಆಮೇಲೆ ಒತ್ತಿದ ಮನೆ ಮೇಲೇಳುವುದೇ ಇಲ್ಲ.

‘ಎಬ್ಬಿಸಲಾಗದ ಬಾಡಿಗೆದಾರ!’ ಎಂದು ವಕೀಲರು ಸಂತೋಷಪಟ್ಟರು. ಮಳೆಗಾಲದಲ್ಲಿ ತಮ್ಮ ಹಾರ್ಮೋನಿಯಂನದೂ ಅದೇ ಗತಿಯೆಂದು ರಾಯರು ನಿಟ್ಟುಸಿರಿಟ್ಟರು. ಕರಿಯ ಮನೆಗಳಿಗೆ ಬೇರೆಯೇ ಬಟ್ಟೆ ಬೇಕು. ಹಳೆಯ ವಾದ್ಯಗಳಲ್ಲಿ ಅವುಗಳ ಬಣ್ಣ ಬಿಟ್ಟು ಬಿಳಿಯದಕ್ಕೆ ಮೆತ್ತಿಕೊಳ್ಳುವುದುಂಟು.

‘ಇದು ಆನೆಯ ದಂತವೇನು?’ ಎಂದು ಮೇಷ್ಟ್ರು ಕೇಳಿದ್ದೇ ತಡ, ವಕೀಲರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನೆಯುತ್ತ, ಕನ್ನಡಕವನ್ನೇ ಭೂತಗನ್ನಡಿ ಮಾಡಿಕೊಂಡು ಬಾಗಿದರು. ದಂತವಾಗಿದ್ದರೆ ನವಿರಾದ ಗೆರೆಗಳಿರುತ್ತಿದ್ದವು, ಅಗಲದ ಭಾಗ ಮುಗಿದು ಕಿರಿದಾಗುವಲ್ಲಿ ಸಾಮಾನ್ಯವಾಗಿ ತೆಳುವಾದ ಬೆಸುಗೆಯೂ ಕಾಣುತ್ತಿತ್ತು. ಎರಡೂ ಇಲ್ಲದ ಶುದ್ಧ ಪ್ಲಾಸ್ಟಿಕ್ ಕಂಡು, ಕೈಗೆ ಬಂದ ಮೊಕದ್ದಮೆ ಜಾರಿಹೋದವರಂತೆ ಅವರು ಹಿಂದೆ ಸರಿದರು. ಆದರೂ ಒಂದು ವಿಚಿತ್ರವನ್ನು ಹೇಳದಿರಲು ನನಗಾಗಲಿಲ್ಲ: ಕತ್ತಲಲ್ಲಿ ಮುಚ್ಚಿಟ್ಟರೆ ದಂತ ಹಳದಿಯಾಗುತ್ತದೆ, ಬಿಸಿಲಲ್ಲಿಟ್ಟರೆ ಪ್ಲಾಸ್ಟಿಕ್ ಹಳದಿಯಾಗುತ್ತದೆ. ದಾವಣಗೆರೆಯ ಬಿಸಿಲು, ಧೂಳುಗಳನ್ನು ಬಲ್ಲ ನಾನು ಪಿಯಾನೊವನ್ನು ಕಿಟಕಿಯಿಂದ ದೂರವೇ ಇರಿಸಿದ್ದೆ.

ಕಡೆಗೆ ರಾಯರು ಸೋಪು ಹಚ್ಚಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಪಿಯಾನೊದ ಮುಂದೆ ಗಂಭೀರವಾಗಿ ಕುಳಿತರು. ಅಷ್ಟರಲ್ಲಿ ಅಡುಗೆಮನೆಯಿಂದ ಮಂಡಕ್ಕಿ ಮಿರ್ಚಿಯ ತಟ್ಟೆ ಬಂತು. ರಾಯರ ಕೈ ಮೊದಲು ಎತ್ತ ಚಾಚಿತೆಂಬುದನ್ನು ನೋಡಿದವನೇ ನಾನು ಮುಚ್ಚಳವಿಳಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಸೇರಿಸಿದೆ.

‘ನೋಟಿಸನ್ನೂ ಕೊಡದೆ 88 ಮನೆಗಳಿಗೆ ಬೀಗವೇ!’ ಎಂದು ವಕೀಲರು ಎರಡನೆಯ ಮಿರ್ಚಿಗೆ ಕೈ ಹಾಕಿದರು.